ಯಂತ್ರವಿಲ್ಲದೆ ಫ್ಯಾಕ್ಸ್: ಇಮೇಲ್ ಮೂಲಕ ಕಳುಹಿಸುವ ಸೇವೆಯೊಂದರ ಆರು ತಿಂಗಳ ಬಳಕೆ

ಫ್ಯಾಕ್ಸ್ ಯಂತ್ರವನ್ನೂ ಅದಕ್ಕೆಂದೇ ಒಂದು ದೂರವಾಣಿ ಮಾರ್ಗವನ್ನೂ ಇಟ್ಟುಕೊಂಡಿರುವವರು ಈಗ ಕಡಿಮೆ. ಆದರೆ ಸಹಿ ಹಾಕಿದ ಕಾಗದವನ್ನು ಫ್ಯಾಕ್ಸ್‌ನಲ್ಲೇ ಕಳುಹಿಸಬೇಕೆಂದು ಕೇಳುವ ಕಚೇರಿಗಳು, ವೈದ್ಯರು, ವಕೀಲರು ಇಂದಿಗೂ ಇದ್ದಾರೆ. ಇಂಥ ಬೇಡಿಕೆ ತಿಂಗಳಿಗೆ ನಾಲ್ಕೈದು ಬಾರಿ ಎದುರಾಗತೊಡಗಿದಾಗ, ಇಮೇಲನ್ನು ಫ್ಯಾಕ್ಸ್ ಆಗಿ ಪರಿವರ್ತಿಸಿ ತಲುಪಿಸುವ ಆನ್‌ಲೈನ್ ಸೇವೆಯೊಂದಕ್ಕೆ ನಾನು ಚಂದಾದಾರನಾದೆ. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಈ ಬಗೆಯ ಸೇವೆಗಳು ಕೆಲಸ ಮಾಡುವ ಕ್ರಮ ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ನಾನು ಕಂಡ ಗುಣದೋಷಗಳನ್ನು ಓದುಗರು ತಾವು ಆರಿಸಿಕೊಳ್ಳುವ ಸೇವೆಯಲ್ಲಿಯೂ ಪರೀಕ್ಷಿಸಿ ನೋಡಬಹುದು.

ಕಳುಹಿಸುವ ವಿಧಾನ ಸರಳವಾಗಿದೆ. ಸ್ವೀಕರಿಸುವವರ ಫ್ಯಾಕ್ಸ್ ಸಂಖ್ಯೆಯನ್ನು ದೇಶದ ಕೋಡ್ ಸಮೇತ ಬರೆದು, ಅದರ ನಂತರ @ ಚಿಹ್ನೆಯನ್ನೂ ಸೇವೆಯ ಡೊಮೈನ್ ಹೆಸರನ್ನೂ ಸೇರಿಸಿದರೆ ಅದೇ ಇಮೇಲ್ ವಿಳಾಸವಾಗುತ್ತದೆ. ಪಿಡಿಎಫ್ ಕಡತವನ್ನು ಲಗತ್ತಿಸಿ ಕಳುಹಿಸಿದರೆ ಉಳಿದ ಕೆಲಸ ಸೇವೆಯ ಸರ್ವರ್‌ನದು. ವಿಷಯದ ಸಾಲು ಮತ್ತು ಪತ್ರದ ಒಡಲು ಮೊದಲ ಪುಟವಾಗಿ ಮುದ್ರಿತವಾಗುತ್ತವೆ. ನಾನು ಕಳುಹಿಸಿದ ಮೊದಲ ಫ್ಯಾಕ್ಸ್‌ನಲ್ಲಿ ಇದೇ ತೊಡಕಾಯಿತು. ಒಂದೇ ಪುಟದ ಅರ್ಜಿಯ ಮುಂದೆ, ನನ್ನ ಇಮೇಲ್‌ನ ಕೊನೆಯಲ್ಲಿ ತಾನಾಗಿಯೇ ಸೇರುವ ಹೆಸರು, ಹುದ್ದೆ ಮತ್ತು ಗೋಪ್ಯತೆಯ ಎಚ್ಚರಿಕೆಯೆಲ್ಲ ಒಂದು ಪುಟವಾಗಿ ಹೋಯಿತು. ಅಲ್ಲಿದ್ದ ಪುಟ್ಟ ಲಾಂಛನವನ್ನು ಪ್ರತ್ಯೇಕ ಲಗತ್ತೆಂದು ಭಾವಿಸಿದ ಸರ್ವರ್, ಅದಕ್ಕೂ ಇಡೀ ಒಂದು ಪುಟವನ್ನು ಮೀಸಲಿಟ್ಟಿತು. ಒಂದು ಪುಟಕ್ಕೆ ಬದಲಾಗಿ ಮೂರು ಪುಟಗಳ ಲೆಕ್ಕವಾಯಿತು. ಮೊದಲ ಪುಟವನ್ನು ಕೈಬಿಡುವ ಆಯ್ಕೆ ಸೆಟ್ಟಿಂಗ್‌ಗಳಲ್ಲಿ ಇದೆಯಾದರೂ ಅದನ್ನು ಹುಡುಕಿಯೇ ತೆಗೆಯಬೇಕು. ಫ್ಯಾಕ್ಸ್‌ಗೆಂದು ಬರೆಯುವ ಇಮೇಲ್‌ನಲ್ಲಿ ಈ ಬಾಲವನ್ನು ಅಳಿಸಿಹಾಕುವುದೇ ಸುಲಭದ ಪರಿಹಾರ.

ಮುದ್ರಣದ ಗುಣಮಟ್ಟದ ವಿಷಯದಲ್ಲಿ ಸೇವೆಯನ್ನು ದೂರುವ ಮುನ್ನ ಫ್ಯಾಕ್ಸ್‌ನ ಮಿತಿಯನ್ನು ತಿಳಿದಿರುವುದು ಒಳ್ಳೆಯದು. ಚಿತ್ರವನ್ನು ಗೆರೆಗೆರೆಯಾಗಿ ಓದಿ ತಂತಿಯಲ್ಲಿ ಕಳುಹಿಸುವ ಉಪಾಯಕ್ಕೆ ಅಲೆಕ್ಸಾಂಡರ್ ಬೇನ್ ಪೇಟೆಂಟ್ ಪಡೆದದ್ದು 1843ರಲ್ಲಿ, ಅಂದರೆ ದೂರವಾಣಿಯ ಪೇಟೆಂಟ್‌ಗಿಂತ 33 ವರ್ಷ ಮೊದಲು. ಇಂದಿನ ಯಂತ್ರಗಳು ಅನುಸರಿಸುವ ಗ್ರೂಪ್ 3 ಮಾನಕ 1980ರದು. ಅದರ ಪ್ರಕಾರ ಎ4 ಪುಟದ ಒಂದು ಗೆರೆಯಲ್ಲಿ 1728 ಚುಕ್ಕಿಗಳಿರುತ್ತವೆ, ಪ್ರತಿ ಚುಕ್ಕಿಯೂ ಕಪ್ಪು ಇಲ್ಲವೇ ಬಿಳಿ. ಸಾಮಾನ್ಯ ದರ್ಜೆಯಲ್ಲಿ ಇಂಚಿಗೆ ಸುಮಾರು 98 ಗೆರೆಗಳು, ಸೂಕ್ಷ್ಮ ದರ್ಜೆಯಲ್ಲಿ ಅದರ ಎರಡರಷ್ಟು. ನಾವು ಎಷ್ಟೇ ಅಚ್ಚುಕಟ್ಟಾದ ಬಣ್ಣದ ಪಿಡಿಎಫ್ ಕೊಟ್ಟರೂ ಅದು ಕೊನೆಗೆ ಈ ಜರಡಿಯಿಂದಲೇ ಹಾಯಬೇಕು. ತೆಳು ಬೂದು ಅಕ್ಷರಗಳು ಮತ್ತು ಬಣ್ಣದ ಹಿನ್ನೆಲೆಯ ಮೇಲಿನ ಬರಹ ಚುಕ್ಕಿಚುಕ್ಕಿಯಾಗಿ ಒಡೆಯುತ್ತವೆ, ಪೆನ್ಸಿಲ್‌ನ ಗುರುತು ಕಾಣೆಯಾಗುತ್ತದೆ. ನನ್ನ ಸೇವೆ ತಾನಾಗಿ ಸಾಮಾನ್ಯ ದರ್ಜೆಯನ್ನೇ ಆರಿಸುತ್ತಿತ್ತು. ಸೂಕ್ಷ್ಮ ದರ್ಜೆಗೆ ಬದಲಾಯಿಸಿಕೊಂಡು, ಕಾಗದವನ್ನು ಮೊದಲೇ 200 ಡಿಪಿಐನಲ್ಲಿ (ಇಂಚಿಗೆ 200 ಚುಕ್ಕಿಗಳಂತೆ) ಕಪ್ಪು-ಬಿಳುಪಾಗಿ ಸ್ಕ್ಯಾನ್ ಮಾಡತೊಡಗಿದ ಮೇಲೆ ಸಣ್ಣಕ್ಷರಗಳೂ ಓದಲು ಬಂದವು. ಇನ್ನೊಂದು ಮಾತು: ಫ್ಯಾಕ್ಸ್‌ನ ಸಂಕೋಚನ ವಿಧಾನ ಉದ್ದನೆಯ ಬಿಳಿ ಸಾಲುಗಳನ್ನು ಒಂದೇ ಸಂಖ್ಯೆಯಾಗಿ ಬರೆದು ಸಮಯ ಉಳಿಸುತ್ತದೆ, ಛಾಯಾಚಿತ್ರವಿರುವ ಪುಟದಲ್ಲಿ ಅಂಥ ಸಾಲುಗಳೇ ಇರುವುದಿಲ್ಲವಾದ್ದರಿಂದ ಅದು ಹಲವು ನಿಮಿಷ ಹಿಡಿಯಬಹುದು. ಪುಟದ ಬದಲು ಸಮಯವನ್ನು ಲೆಕ್ಕ ಹಾಕುವ ಸೇವೆಯಾದರೆ ಇಂಥ ಪುಟ ದುಬಾರಿಯಾಗುತ್ತದೆ.

ಆದರೆ ಈ ಸೇವೆಯನ್ನು ಅಳೆಯಬೇಕಾದ ಮುಖ್ಯ ಅಳತೆಗೋಲು ಮುದ್ರಣವಲ್ಲ, ವರದಿ. ಫ್ಯಾಕ್ಸ್ ಕೇಳುವವರು ಅದನ್ನು ಕೇಳುವುದೇ ತಲುಪಿದ್ದಕ್ಕೆ ಪುರಾವೆ ಇರುತ್ತದೆ ಎಂಬ ಕಾರಣಕ್ಕೆ. ಹಳೆಯ ಯಂತ್ರದ ಎದುರು ನಿಂತು ಕಳುಹಿಸುವಾಗ ಗಂಟೆ ಬಾರಿಸುವುದು, ಆ ಕಡೆಯ ಯಂತ್ರ ಕೀರಲು ದನಿಯಲ್ಲಿ ಉತ್ತರಿಸುವುದು ಎಲ್ಲವೂ ಕಿವಿಗೆ ಬೀಳುತ್ತಿತ್ತು. ಇಲ್ಲಿ ಅದೆಲ್ಲ ಕಣ್ಮರೆಯಾಗಿ ಎರಡು ಇಮೇಲ್‌ಗಳು ಮಾತ್ರ ಉಳಿಯುತ್ತವೆ. ನಿಮಿಷದೊಳಗೆ ಬರುವ ಮೊದಲನೆಯದು ‘ನಿಮ್ಮ ಫ್ಯಾಕ್ಸ್ ಸ್ವೀಕರಿಸಲಾಗಿದೆ’ ಎನ್ನುತ್ತದೆ. ಸ್ವೀಕರಿಸಿದ್ದು ಸೇವೆಯೇ ಹೊರತು ವಿಳಾಸದಾರರಲ್ಲ ಎಂಬುದು ನನಗೆ ತಡವಾಗಿ ಅರ್ಥವಾಯಿತು. ಕೊನೆಯ ದಿನಾಂಕವಿದ್ದ ಒಂದು ಅರ್ಜಿಯ ವಿಷಯದಲ್ಲಿ ಈ ಮೊದಲ ಇಮೇಲನ್ನೇ ನಂಬಿ ನಿಶ್ಚಿಂತನಾಗಿದ್ದೆ. ಆ ಕಡೆಯ ಸಂಖ್ಯೆ ಮೂರು ಬಾರಿಯೂ ಬಿಡುವಿಲ್ಲದೆ ಇದ್ದುದರಿಂದ ಸೇವೆ ಪ್ರಯತ್ನವನ್ನು ನಿಲ್ಲಿಸಿತ್ತು, ಅದನ್ನು ತಿಳಿಸುವ ಎರಡನೆಯ ಇಮೇಲ್ ಸ್ಪ್ಯಾಮ್ ಕಪಾಟಿನಲ್ಲಿ ಬಿದ್ದಿತ್ತು. ಎರಡೂ ಇಮೇಲ್‌ಗಳ ಶೀರ್ಷಿಕೆ ಹೆಚ್ಚುಕಡಿಮೆ ಒಂದೇ ರೀತಿ ಇರುವುದನ್ನು ಸೇವೆಯ ದೊಡ್ಡ ದೋಷವೆಂದೇ ಎಣಿಸುತ್ತೇನೆ.

ಎರಡನೆಯ ವರದಿ ಮಾತ್ರ ನಂಬಿಕೆಗೆ ಅರ್ಹವಾದದ್ದು. ಫ್ಯಾಕ್ಸ್ ಯಂತ್ರಗಳ ನಡುವಿನ ಸಂಭಾಷಣೆಯಲ್ಲಿ ಪ್ರತಿ ಪುಟ ಮುಗಿದಾಗಲೂ ಸ್ವೀಕರಿಸುವ ಯಂತ್ರ ‘ಸಿಕ್ಕಿತು’ ಎಂಬ ಸಂಕೇತವನ್ನು ಹಿಂದಿರುಗಿಸುತ್ತದೆ. ಸೇವೆ ಅದನ್ನೇ ದಾಖಲಿಸಿ, ಪುಟಗಳ ಸಂಖ್ಯೆ, ತೆಗೆದುಕೊಂಡ ಸಮಯ ಮತ್ತು ಆ ಕಡೆಯ ಯಂತ್ರ ತಿಳಿಸಿದ ಗುರುತನ್ನು ಬರೆದು ಕಳುಹಿಸುತ್ತದೆ. ಈ ಗುರುತು ಬಹಳ ಉಪಯುಕ್ತ. ಒಂದು ಅಂಕಿ ತಪ್ಪಿ ಬೇರೊಬ್ಬರ ಯಂತ್ರಕ್ಕೆ ಹೋದರೂ ವರದಿ ‘ಯಶಸ್ವಿ’ ಎಂದೇ ಹೇಳುತ್ತದೆ. ಗುರುತಿನ ಸಾಲಿನಲ್ಲಿರುವ ಸಂಖ್ಯೆಯನ್ನು ನಾವು ಬರೆದ ಸಂಖ್ಯೆಯೊಂದಿಗೆ ಹೋಲಿಸಿದರೆ ಮಾತ್ರ ತಪ್ಪು ಬಯಲಾಗುತ್ತದೆ. ಯಂತ್ರದ ಯಜಮಾನರು ಗುರುತನ್ನು ನಮೂದಿಸದಿದ್ದರೆ ಆ ಸಾಲು ಖಾಲಿ ಇರುತ್ತದೆ. ಅಲ್ಲದೆ ಯಂತ್ರದಲ್ಲಿ ಕಾಗದ ಮುಗಿದಿದ್ದರೆ ಪುಟಗಳು ಅದರ ನೆನಪಿನ ಕೋಶದಲ್ಲೇ ಕಾಯುತ್ತಿರಬಹುದು. ಆದ್ದರಿಂದ ಮಹತ್ವದ ಕಾಗದವಾದರೆ ಒಂದು ದೂರವಾಣಿ ಕರೆ ಈಗಲೂ ಬೇಕು.

ದೊಡ್ಡ ದಾಖಲೆಗಳಲ್ಲಿ ಸೇವೆ ಸ್ವಲ್ಪ ಎಡವುತ್ತದೆ. ಆ ಕಡೆಯವರ ದೂರವಾಣಿಯೂ ಇಂಟರ್ನೆಟ್ ಮೂಲಕವೇ ನಡೆಯುತ್ತಿದ್ದು, ಫ್ಯಾಕ್ಸ್‌ಗೆಂದೇ ರೂಪಿಸಿದ ಟಿ.38 ವಿಧಾನ ಅಲ್ಲಿ ಇಲ್ಲದಿದ್ದರೆ, ಉದ್ದನೆಯ ಕರೆಗಳು ನಡುವೆ ಕಡಿದುಹೋಗುವ ಸಂಭವ ಹೆಚ್ಚು. ಇಪ್ಪತ್ತು ಪುಟಗಳ ಒಂದು ದಾಖಲೆ ಏಳನೆಯ ಪುಟದಲ್ಲಿ ನಿಂತಾಗ, ಸೇವೆ ಮತ್ತೆ ಮೊದಲ ಪುಟದಿಂದಲೇ ಆರಂಭಿಸಿದ ಕಾರಣ ಅವರಿಗೆ ಆರು ಪುಟಗಳು ಎರಡೆರಡು ಬಾರಿ ದೊರೆತವು. ಅಂದಿನಿಂದ ಐದೈದು ಪುಟಗಳ ಕಂತುಗಳಾಗಿ ಕಳುಹಿಸುತ್ತಿದ್ದೇನೆ, ಆ ತೊಂದರೆ ಮರುಕಳಿಸಿಲ್ಲ.

ಭದ್ರತೆಯ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಉತ್ತಮವಾಗಿಲ್ಲ. ಕಳುಹಿಸಿದವರು ಯಾರೆಂಬುದನ್ನು ಸೇವೆ ಇಮೇಲ್ ವಿಳಾಸದಿಂದಲೇ ನಿರ್ಧರಿಸುತ್ತದೆ. ಆ ವಿಳಾಸವನ್ನು ನಕಲು ಮಾಡುವುದು ಕಷ್ಟವಲ್ಲವಾದ್ದರಿಂದ, ವಿಷಯದ ಸಾಲಿನಲ್ಲಿ ಗುಪ್ತಸಂಖ್ಯೆ ಬರೆಯುವ ಆಯ್ಕೆಯನ್ನು ಕೊಟ್ಟಿದ್ದಾರೆ, ಅದನ್ನು ತಪ್ಪದೆ ಬಳಸಬೇಕು. ಕಡತದ ಪ್ರತಿಗಳು ನಮ್ಮ ಇಮೇಲ್ ಪೆಟ್ಟಿಗೆಯಲ್ಲಿಯೂ ಸೇವೆಯ ಸಂಗ್ರಹದಲ್ಲಿಯೂ ಉಳಿಯುತ್ತವೆ. ವೈದ್ಯಕೀಯ ವರದಿಯಂಥವುಗಳನ್ನು ನಾನು ಇಮೇಲ್‌ನಲ್ಲಿ ಲಗತ್ತಿಸದೆ, ಸೇವೆಯ ಜಾಲತಾಣಕ್ಕೆ ನೇರವಾಗಿ ಏರಿಸಿ, ತಲುಪಿದ ವರದಿ ಬಂದೊಡನೆ ಸಂಗ್ರಹದಿಂದ ಅಳಿಸುತ್ತೇನೆ.

ಫ್ಯಾಕ್ಸ್ ಸ್ವೀಕರಿಸಲು ಪ್ರತ್ಯೇಕ ಸಂಖ್ಯೆಯೂ ಚಂದಾದೊಂದಿಗೆ ದೊರೆಯಿತು. ಬಂದ ಪುಟಗಳು ಪಿಡಿಎಫ್ ಆಗಿ ಇಮೇಲ್‌ಗೆ ತಲುಪುತ್ತವೆ. ಒಮ್ಮೊಮ್ಮೆ ತಲೆಕೆಳಗಾಗಿ ಬಂದರೂ ತಿರುಗಿಸಿ ಓದಿಕೊಳ್ಳಬಹುದು. ಆರು ತಿಂಗಳಲ್ಲಿ ಅದಕ್ಕೆ ಬಂದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜಾಹೀರಾತುಗಳೇ ಆಗಿದ್ದುದರಿಂದ ಮುಂದಿನ ಅವಧಿಗೆ ಕಳುಹಿಸುವ ಸೌಲಭ್ಯವನ್ನಷ್ಟೇ ಉಳಿಸಿಕೊಳ್ಳಲಿದ್ದೇನೆ. ಬಿಟ್ಟುಕೊಟ್ಟ ಸಂಖ್ಯೆ ಮುಂದೆ ಬೇರೆ ಚಂದಾದಾರರ ಕೈಸೇರಬಹುದು. ಹಾಗಾಗಿ ಆ ಸಂಖ್ಯೆಯನ್ನು ಯಾರು ಯಾರಿಗೆ ಕೊಟ್ಟಿದ್ದೆನೋ ಅವರ ಪಟ್ಟಿ ಮಾಡಿ, ಇನ್ನು ಮುಂದೆ ಅದಕ್ಕೆ ಏನನ್ನೂ ಕಳುಹಿಸಬೇಡಿ ಎಂದು ಒಬ್ಬೊಬ್ಬರಿಗೂ ತಿಳಿಸುತ್ತಿದ್ದೇನೆ, ಅದೂ ಅವರಲ್ಲಿ ಇಬ್ಬರಿಗೆ ಫ್ಯಾಕ್ಸ್ ಮೂಲಕವೇ.