ಆಳದ ಮರ ಸುತ್ತಲು ರಿಕರ್ಷನ್ ಸಾಕೇ, ಸ್ವಂತ ಸ್ಟ್ಯಾಕ್ ಬೇಕೇ?

ಮರದ ಪ್ರತಿ ನೋಡ್‌ಗೂ ಭೇಟಿ ಕೊಡಲು ಫಂಕ್ಷನ್ ತನ್ನನ್ನು ತಾನೇ ಕರೆಯುವುದು ರಿಕರ್ಷನ್; ಬಾಕಿ ನೋಡ್‌ಗಳ ಪಟ್ಟಿಯನ್ನು ನಾವೇ ಇಟ್ಟುಕೊಳ್ಳುವುದು ಸ್ವಂತ ಸ್ಟ್ಯಾಕ್. 64 ಬಿಟ್ ಲಿನಕ್ಸ್‌ನಲ್ಲಿ ಜಿಸಿಸಿ ಎಂಬ ಸಿ ಕಂಪೈಲರ್ ಬಳಸಿ ಎರಡನ್ನೂ ಓಡಿಸಿ ನೋಡಿದರೆ, ಸಣ್ಣ ಬೈನರಿ ಮರದಲ್ಲಿ (ಪ್ರತಿ ನೋಡ್‌ಗೆ ಹೆಚ್ಚೆಂದರೆ ಎಡ, ಬಲ ಎಂಬ ಎರಡು ಮಕ್ಕಳು) ವ್ಯತ್ಯಾಸ ಕಾಣುವುದೇ ಇಲ್ಲ. ಮರ ಒಂದೇ ಕಡೆಗೆ ವಾಲಿ ಉದ್ದವಾದಾಗ ಮಾತ್ರ ನಿಜ ಗೊತ್ತಾಗುತ್ತದೆ.

ರಿಕರ್ಷನ್‌ನಲ್ಲಿ, ಆಪ್ಟಿಮೈಸೇಶನ್ ಇಲ್ಲದೆ ಕಂಪೈಲ್ ಮಾಡಿದರೆ, ಒಂದೇ ಪಾಯಿಂಟರ್ ಪಡೆಯುವ ಫಂಕ್ಷನ್ ಪ್ರತಿ ಕರೆಗೂ ಪ್ರೋಗ್ರಾಂನ ಕಾಲ್ ಸ್ಟ್ಯಾಕ್‌ನಲ್ಲಿ 32 ಬೈಟ್ ತಿನ್ನುತ್ತದೆ: ರಿಟರ್ನ್ ಅಡ್ರೆಸ್‌ಗೆ 8, ಹಿಂದಿನ ಫ್ರೇಮ್ ಪಾಯಿಂಟರ್‌ಗೆ 8, ಲೋಕಲ್‌ಗಳಿಗೆ 16. ಸ್ಟ್ಯಾಕ್ ಮಿತಿ ಸಾಮಾನ್ಯವಾಗಿ 8 ಎಂಬಿ. ಅಂದರೆ ಸುಮಾರು 2.6 ಲಕ್ಷ ಹಂತ. ಫಂಕ್ಷನ್ ಒಳಗೆ 1 ಕೆಬಿ ಬಫರ್ ಒಂದನ್ನು ಇಟ್ಟರೆ 8 ಸಾವಿರವೂ ದಾಟುವುದಿಲ್ಲ. ಮಿತಿ ಮೀರಿದರೆ ಸೆಗ್ಮೆಂಟೇಶನ್ ಫಾಲ್ಟ್, ಶೆಲ್‌ನಲ್ಲಿ ಎಕ್ಸಿಟ್ ಕೋಡ್ 139. ವಿಶೇಷ ಸಿದ್ಧತೆ ಇಲ್ಲದಿದ್ದರೆ ಸಂಭಾಳಿಸಲು ಅವಕಾಶವೇ ಸಿಗದು.

ಇಲ್ಲೊಂದು ಮೋಸವಿದೆ. ಓ2 ಎಂಬ ಆಪ್ಟಿಮೈಸೇಶನ್ ಹಂತದಲ್ಲಿ ಕಂಪೈಲರ್ ಕೊನೆಯ ಕರೆಯನ್ನು ಜಂಪ್ ಆಗಿ ಬದಲಿಸುತ್ತದೆ. ಎಡ ಮೊದಲು, ಬಲ ಕೊನೆಗೆ ಕರೆಯುವ ಕೋಡ್ ಬಲಕ್ಕೆ ವಾಲಿದ ಮರದಲ್ಲಿ ಸಲೀಸಾಗಿ ಓಡುತ್ತದೆ. ಎಡಕ್ಕೆ ವಾಲಿದರೆ ಬೀಳುತ್ತದೆ. ಬೈನರಿ ಸರ್ಚ್ ಮರಕ್ಕೆ ಏರಿಕೆಯ ಕ್ರಮದಲ್ಲಿ ಡೇಟಾ ಸೇರಿಸಿದರೆ ಅದು ಬಲಕ್ಕೇ ವಾಲುತ್ತದೆ, ಆದ್ದರಿಂದ ಅದೊಂದರಿಂದಲೇ ಪರೀಕ್ಷಿಸಿದರೆ ದೋಷ ಸಿಗುವುದಿಲ್ಲ. ಇಳಿಕೆಯ ಕ್ರಮವನ್ನೂ ಕೊಡಲೇಬೇಕು.

ಹೀಪ್‌ನಲ್ಲಿ (ಪ್ರೋಗ್ರಾಂ ಬೇಕಾದಾಗ ಕೇಳಿ ಪಡೆಯುವ ಮೆಮೊರಿ) ಕಟ್ಟಿದ ಸ್ವಂತ ಸ್ಟ್ಯಾಕ್‌ಗೆ ಬಾಕಿ ನೋಡ್ ಒಂದಕ್ಕೆ 8 ಬೈಟ್ ಸಾಕು. ಅದೇ 8 ಎಂಬಿಯಲ್ಲಿ 10,48,576 ಪಾಯಿಂಟರ್ ಹಿಡಿಯುತ್ತವೆ. ತುಂಬಿದಾಗ ಮೆಮೊರಿ ಬ್ಲಾಕ್‌ನ ಗಾತ್ರ ಬದಲಿಸುವ ರಿಯಲಾಕ್ ಫಂಕ್ಷನ್‌ನಿಂದ ಗಾತ್ರ ದುಪ್ಪಟ್ಟು ಮಾಡಿ. ಫಲಿತಾಂಶವನ್ನು ಮೊದಲು ಬೇರೊಂದು ಪಾಯಿಂಟರ್‌ನಲ್ಲಿ ಹಿಡಿಯಿರಿ: ನಲ್ ಬಂದರೆ ಹಳೆಯ ಬ್ಲಾಕ್ ಇನ್ನೂ ಜೀವಂತ, ಹಳೆಯ ಪಾಯಿಂಟರ್ ಮೇಲೆಯೇ ನೇರ ಬರೆದುಬಿಟ್ಟರೆ ಅದರ ವಿಳಾಸವೇ ಕಳೆದುಹೋಗುತ್ತದೆ. ಪ್ರೀಆರ್ಡರ್‌ಗೆ (ಮೊದಲು ನೋಡ್, ನಂತರ ಎಡ, ಬಲ) ಬಲ ಮಗುವನ್ನು ಮೊದಲು ಪುಶ್ ಮಾಡಬೇಕು, ಎಡ ಆಮೇಲೆ.

ಪೋಸ್ಟ್‌ಆರ್ಡರ್‌ನಲ್ಲಿ (ಎಡ, ಬಲ ಮುಗಿದ ಮೇಲೆ ನೋಡ್) ಮಾತ್ರ ರಿಕರ್ಷನ್ನೇ ಸುಂದರ. 'ಎಡ ಮುಗಿಯಿತು, ಬಲ ಬಾಕಿ' ಎಂಬುದನ್ನು ರಿಟರ್ನ್ ಅಡ್ರೆಸ್ಸೇ ನೆನಪಿಟ್ಟಿರುತ್ತದೆ. ಸ್ವಂತ ಸ್ಟ್ಯಾಕ್‌ನಲ್ಲಿ ಅದಕ್ಕೆ ನೋಡ್ ಜೊತೆ ಇನ್ನೊಂದು ಸ್ಥಿತಿಯ ಫೀಲ್ಡ್ ಬೇಕು. ಅಲೈನ್‌ಮೆಂಟ್‌ನಿಂದಾಗಿ 8 ಬೈಟ್ 16 ಆಗುತ್ತದೆ.

ಶೆಲ್‌ನ ಯುಲಿಮಿಟ್ ಆದೇಶದಿಂದ ಸ್ಟ್ಯಾಕ್ ಮಿತಿ ಏರಿಸುವುದು ಮೂರನೆಯ ದಾರಿ, ಆದರೆ ಪ್ರೋಗ್ರಾಂ ಬೇರೆಯವರ ಯಂತ್ರಕ್ಕೆ ಹೋದಾಗ ಆ ಮಿತಿ ಜೊತೆಗೆ ಹೋಗುವುದಿಲ್ಲ. ಮಸಲ್ ಎಂಬ ಸಿ ಲೈಬ್ರರಿಯಲ್ಲಂತೂ ಹೊಸ ಥ್ರೆಡ್‌ಗೆ ಡೀಫಾಲ್ಟ್ ಆಗಿ ಸಿಗುವುದು 128 ಕೆಬಿ.

ತನ್ನ ಸಮತೋಲನವನ್ನು ತಾನೇ ಕಾಯ್ದುಕೊಳ್ಳುವ ಕೆಂಪು-ಕಪ್ಪು ಮರವಾದರೆ 10 ಲಕ್ಷ ನೋಡ್‌ಗೂ ಎತ್ತರ 40 ಮೀರದು. ಅಲ್ಲಿ ಧೈರ್ಯವಾಗಿ ರಿಕರ್ಷನ್ ಬರೆಯಿರಿ. ಆಳವನ್ನು ಹೊರಗಿನ ಇನ್‌ಪುಟ್ ನಿರ್ಧರಿಸುವ ಪಾರ್ಸರ್‌ನಂಥ ಕಡೆ ಸ್ವಂತ ಸ್ಟ್ಯಾಕ್, ಜೊತೆಗೊಂದು ಗರಿಷ್ಠ ಆಳದ ತಪಾಸಣೆ.