ತೆಂಗು, ಸೂರ್ಯಕಾಂತಿ, ಕುಸುಬೆ, ಶೇಂಗಾ: ನಾಲ್ಕು ಎಣ್ಣೆ, ಒಂದೇ ಬಾಣಲೆ

ನಾನು ಪುತ್ತೂರಿನವಳು, ನಮ್ಮನೆಯವರು ಚಳ್ಳಕೆರೆಯವರು. ಅಡುಗೆ ಎಣ್ಣೆಯ ಲೆಕ್ಕದಲ್ಲಿ ನಮ್ಮದು ಅಂತರ್ಜಾತಿ ಮದುವೆ. ಪಲ್ಯದ ಒಗ್ಗರಣೆಗೆ ತೆಂಗಿನೆಣ್ಣೆ ಇಲ್ಲದಿದ್ದರೆ ನನಗೆ ಅದು ಪಲ್ಯವೇ ಅಲ್ಲ. ಅವರ ಊರಿಗೆ ಎಣ್ಣೆ ನಗರ ಅಂತಲೇ ಹೆಸರು. ಶೇಂಗಾ ಗಿರಣಿಗಳ ನಡುವೆ ಬೆಳೆದ ಮನುಷ್ಯ, ತೆಂಗಿನೆಣ್ಣೆ ಇರೋದು ತಲೆಗೆ ಹಚ್ಚೋಕೆ ಅನ್ನೋ ಪೈಕಿ. ಬೆಂಗಳೂರಿಗೆ ಬಂದ ಮೇಲೆ ಇಬ್ಬರೂ ರಾಜಿಯಾಗಿದ್ದು ರಿಫೈನ್ಡ್ ಸೂರ್ಯಕಾಂತಿ ಎಣ್ಣೆಗೆ. ಯಾರಿಗೂ ಇಷ್ಟವಿಲ್ಲ, ಯಾರದ್ದೂ ತಕರಾರಿಲ್ಲ.

ನನ್ನ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, ಗಡಿ ದಾಟಿದ ಮೇಲೆ ತಕರಾರು ಶುರುವಾಯಿತು. "ಗಾಣದ ಎಣ್ಣೆ ತಿನ್ನಮ್ಮ, ಎಲ್ಲ ಸರಿ ಹೋಗುತ್ತೆ" ಅಂತ ಅತ್ತೆ. "ಮಂಗಳೂರಿನವರು ಸಾವಿರ ವರ್ಷದಿಂದ ತೆಂಗಿನೆಣ್ಣೆ ತಿಂದಿಲ್ವಾ" ಅಂತ ನಮ್ಮಮ್ಮ. ನಾದಿನಿಯನ್ನು ವಿಜಯಪುರದ ಕಡೆ ಕೊಟ್ಟಿದೆ. ಅವಳು ಕುಸುಬೆ ಎಣ್ಣೆಯ ಕ್ಯಾನನ್ನೇ ಕಳಿಸಿಬಿಟ್ಟಳು. ಸರಿ, ಎಲ್ಲವನ್ನೂ ಒಂದೊಂದಾಗಿ ನೋಡೋಣ ಅಂತ ಕೂತೆ. ಒಂದು ಎಣ್ಣೆ ಪೂರ್ತಿ ಮುಗಿಯೋವರೆಗೂ ಇನ್ನೊಂದನ್ನು ಮುಟ್ಟೋ ಹಾಗಿಲ್ಲ. ಅಡುಗೆ ಮಾತ್ರ ಅದೇ: ಒಗ್ಗರಣೆ ಮಂಡಕ್ಕಿ, ದೋಸೆ, ಪಲ್ಯ, ಹಬ್ಬಕ್ಕೆ ಪೂರಿ. ಪ್ರತಿ ಎಣ್ಣೆ ಮುಗಿದಾಗ ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಲೆಸ್ಟರಾಲ್ ಪರೀಕ್ಷೆ.

ಎಣ್ಣೆಗಳ ಜಗಳ ಅರ್ಥವಾಗಬೇಕಾದರೆ ಮೂರು ಹೆಸರು ಗೊತ್ತಿದ್ದರೆ ಸಾಕು. ಸ್ಯಾಚುರೇಟೆಡ್ ಕೊಬ್ಬಿನ ಆಮ್ಲದ ಸರಪಳಿ ನೆಟ್ಟಗಿರುತ್ತದೆ, ಒಂದರ ಪಕ್ಕ ಒಂದು ಒತ್ತಾಗಿ ಕೂರುತ್ತದೆ, ಬೇಗ ಗಟ್ಟಿಯಾಗುತ್ತದೆ. ಒಲೀಕ್ ಆಮ್ಲದಲ್ಲಿ ಒಂದು ಜೋಡಿ ಬಂಧ ಇದೆ, ಅಲ್ಲಿ ಸರಪಳಿ ಬಾಗುತ್ತದೆ. ಲಿನೋಲೀಕ್ ಆಮ್ಲದಲ್ಲಿ ಎರಡಿವೆ. ಈ ಜೋಡಿ ಬಂಧಗಳ ಹತ್ತಿರವೇ ಗಾಳಿಯ ಆಮ್ಲಜನಕ ಬಂದು ಹಿಡಿಯೋದು. ಹೀಗಾಗಿ ರಕ್ತಕ್ಕೆ ಒಳ್ಳೆಯದಾದ ಎಣ್ಣೆ ಬಾಣಲೆಯಲ್ಲೂ ಒಳ್ಳೆಯದಾಗಿರಬೇಕು ಅಂತ ಏನಿಲ್ಲ.

ತೆಂಗಿನೆಣ್ಣೆಯಿಂದ ಶುರು ಮಾಡಿದೆ. ಪಕ್ಷಪಾತ ಅಂದುಕೊಳ್ಳಿ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಬಾಟಲಿ ಬಗ್ಗಿಸಿದರೆ ಒಂದು ಹನಿ ಬೀಳುತ್ತಿರಲಿಲ್ಲ. ಅದು ಕರಗೋದೇ ಸುಮಾರು 24 ಡಿಗ್ರಿಯಲ್ಲಿ, ಬೆಂಗಳೂರಿನ ಚಳಿಗೆ ಮೇಣವಾಗಿ ಕೂತಿರುತ್ತದೆ. ಅದರಲ್ಲಿ ಶೇಕಡ 85ರಿಂದ 90 ಸ್ಯಾಚುರೇಟೆಡ್ ಕೊಬ್ಬು. ಅಷ್ಟು ತುಪ್ಪದಲ್ಲೂ ಇಲ್ಲ. ಅಡುಗೆಯಲ್ಲಿ ಮಾತ್ರ ಗಟ್ಟಿ ಆಸಾಮಿ. ಜೋಡಿ ಬಂಧ ಕಡಿಮೆ ಇರೋದರಿಂದ ಬಿಸಿಗೆ ಬೇಗ ಕೆಡುವುದಿಲ್ಲ. ಆದರೆ ಅದರಲ್ಲಿ ಕರಿದ ಮೇಲೆ ನೀರಿನ ಪಸೆ ಉಳಿದರೆ ಆಮ್ಲಗಳು ಬಿಡಿಯಾಗಿ ಸೋಪಿನ ವಾಸನೆ ಬರುತ್ತದೆ. ಬೇರೆ ಎಣ್ಣೆ ಜೊತೆ ಬೆರೆಸಿ ಕರಿಯಲು ಹೋದರೆ ಬಾಣಲೆ ತುಂಬ ನೊರೆ. ಬೆಂಡೆಕಾಯಿ ಪಲ್ಯಕ್ಕೆ, ಕಾಯಿ ತುರಿ ಹಾಕೋ ಯಾವುದೇ ಅಡುಗೆಗೆ ಇದರ ಮುಂದೆ ಇನ್ನೊಂದಿಲ್ಲ. ಮಂಡಕ್ಕಿಗೆ ಹಾಕಿದ ದಿನ ನಮ್ಮನೆಯವರು ತಟ್ಟೆ ಸರಿಸಿ ಎದ್ದುಹೋದರು. ಅದರಲ್ಲಿ ಅವರದ್ದೂ ತಪ್ಪಿಲ್ಲ ಬಿಡಿ.

ತೆಂಗಿನೆಣ್ಣೆ ಪರವಾಗಿ ಓಡಾಡೋ ಮಾತೊಂದಿದೆ: ಇದು ಮಧ್ಯಮ ಸರಪಳಿಯ ಕೊಬ್ಬು, ನೇರ ಯಕೃತ್ತಿಗೆ ಹೋಗಿ ಉರಿದುಹೋಗುತ್ತದೆ, ಮೈಗೆ ಸೇರಲ್ಲ. ಈ ಗುಣ ಇರೋದು 8 ಮತ್ತು 10 ಇಂಗಾಲದ ಆಮ್ಲಗಳಿಗೆ. ತೆಂಗಿನೆಣ್ಣೆಯಲ್ಲಿ ಅವೆರಡೂ ಸೇರಿ ಶೇಕಡ 15ರ ಆಸುಪಾಸು. ಅರ್ಧದಷ್ಟಿರೋದು 12 ಇಂಗಾಲದ ಲಾರಿಕ್ ಆಮ್ಲ. ಕಾಗದದ ಮೇಲೆ ಅದು ಮಧ್ಯಮ ಗುಂಪಿನದ್ದೇ, ಕರುಳಿನಲ್ಲಿ ಮಾತ್ರ ಹೆಚ್ಚಿನ ಪಾಲು ಉದ್ದ ಸರಪಳಿಯವರ ದಾರಿಯನ್ನೇ ಹಿಡಿಯುತ್ತದೆ. ಎಲ್‌ಡಿಎಲ್ ಏರಿಸುತ್ತದೆ, ಒಳ್ಳೆಯ ಕೊಲೆಸ್ಟರಾಲ್ ಅನ್ನೋ ಎಚ್‌ಡಿಎಲ್ ಕೂಡ ಏರಿಸುತ್ತದೆ. ಜಗಳ ಹುಟ್ಟಿದ್ದೇ ಇಲ್ಲಿ.

ಸಂಶೋಧನೆಗಳೂ ಒಂದೇ ಬಾಯಲ್ಲಿ ಮಾತಾಡಿಲ್ಲ. ಕೇಂಬ್ರಿಜ್‌ನವರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನ ನಾಲ್ಕು ವಾರ ದಿನಕ್ಕೆ 50 ಗ್ರಾಂ ತೆಂಗಿನೆಣ್ಣೆ, ಆಲಿವ್ ಎಣ್ಣೆ ಅಥವಾ ಬೆಣ್ಣೆ ತಿಂದರು. ಎಲ್‌ಡಿಎಲ್ ಎದ್ದಿದ್ದು ಬೆಣ್ಣೆಯಲ್ಲಿ. ತೆಂಗಿನೆಣ್ಣೆ ಮತ್ತು ಆಲಿವ್ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ನಮ್ಮಮ್ಮನಿಗೆ ಇಷ್ಟು ಸಾಕಿತ್ತು. ಆದರೆ 2020ರಲ್ಲಿ 16 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ, ಸೂರ್ಯಕಾಂತಿ, ಆಲಿವ್‌ನಂಥ ಎಣ್ಣೆಗಳಿಗಿಂತ ತೆಂಗಿನೆಣ್ಣೆ ಎಲ್‌ಡಿಎಲ್ ಅನ್ನು ಡೆಸಿಲೀಟರ್ ರಕ್ತಕ್ಕೆ ಸುಮಾರು 10 ಮಿಲಿಗ್ರಾಂ ಏರಿಸಿತ್ತು, ಎಚ್‌ಡಿಎಲ್ ಅನ್ನು ಸುಮಾರು 4. ಕೇರಳದಲ್ಲಿ 200 ಹೃದ್ರೋಗಿಗಳಿಗೆ ಎರಡು ವರ್ಷ ತೆಂಗು ಅಥವಾ ಸೂರ್ಯಕಾಂತಿ ಎಣ್ಣೆಯ ಅಡುಗೆ ಹಾಕಿ ನೋಡಿದರು. ಎರಡೂ ಗುಂಪಿನ ನಡುವೆ ಫರಕು ಕಾಣಲಿಲ್ಲ. ಆದರೆ ಅವರೆಲ್ಲ ಕೊಲೆಸ್ಟರಾಲ್ ಮಾತ್ರೆ ನುಂಗುತ್ತಿದ್ದವರು. ನಾನು ನುಂಗುತ್ತಿಲ್ಲ, ಅವರ ಫಲಿತಾಂಶ ನನಗೆ ಹೇಗೆ ಹೊಂದುತ್ತದೆ?

ಸ್ಯಾಚುರೇಟೆಡ್ ಕೊಬ್ಬು ಎಲ್‌ಡಿಎಲ್ ಏರಿಸೋದು ಸೀದಾ ರಕ್ತಕ್ಕೆ ಕೊಲೆಸ್ಟರಾಲ್ ಸುರಿದಲ್ಲ. ಯಕೃತ್ತಿನ ಮೈಮೇಲೆ ಎಲ್‌ಡಿಎಲ್ ಹಿಡಿದು ಒಳಗೆಳೆಯುವ ರಿಸೆಪ್ಟರ್‌ಗಳಿವೆ. ಇದನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಸ್ಯಾಚುರೇಟೆಡ್ ಕೊಬ್ಬು ಜಾಸ್ತಿಯಾದರೆ ಈ ರಿಸೆಪ್ಟರ್‌ಗಳ ಕೆಲಸ ನಿಧಾನವಾಗುತ್ತದೆ, ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತಾ ಉಳಿಯುತ್ತದೆ. ಲಿನೋಲೀಕ್ ಆಮ್ಲ ಇದಕ್ಕೆ ಉಲ್ಟಾ.

ಹಾಗಾದರೆ ಸೂರ್ಯಕಾಂತಿಯೇ ಗೆಲ್ಲಬೇಕಲ್ವಾ? ಮಾಮೂಲಿ ಸೂರ್ಯಕಾಂತಿ ಎಣ್ಣೆಯಲ್ಲಿ ಶೇಕಡ 60ರಷ್ಟು ಲಿನೋಲೀಕ್, ಸ್ಯಾಚುರೇಟೆಡ್ ಬರೀ 10-11. ರಕ್ತದ ರಿಪೋರ್ಟಿಗೆ ಇದು ಒಳ್ಳೆಯ ಎಣ್ಣೆ. ನನಗೆ ಬೇಜಾರಾಗಿದ್ದು ಬಾಣಲೆ ತೊಳೆಯುವಾಗ. ಯುಗಾದಿಗೆ ಪೂರಿ ಕರಿದು ಬಿಟ್ಟಿದ್ದ ಸ್ಟೀಲ್ ಬಾಣಲೆಯ ಅಂಚಿನಲ್ಲಿ ಹಳದಿ ಗೋಂದಿನ ಪೊರೆ ಕಟ್ಟಿತ್ತು. ಸೋಪು ಹಾಕಿ ನಾರಿನಿಂದ ತಿಕ್ಕಿದರೂ ಬೆರಳಿಗೆ ಅಂಟು. ಅದು ಜಿಡ್ಡಲ್ಲ. ಜೋಡಿ ಬಂಧಗಳಿಗೆ ಬಿಸಿ ಮತ್ತು ಗಾಳಿ ತಾಗಿ, ಎಣ್ಣೆಯ ಕಣಗಳು ಒಂದಕ್ಕೊಂದು ಹೆಣೆದುಕೊಂಡು ಪ್ಲಾಸ್ಟಿಕ್‌ನಂತೆ ಆಗಿರೋದು. ಒಗ್ಗರಣೆಗೆ, ಚಪಾತಿಗೆ ಏನೂ ತೊಂದರೆ ಇಲ್ಲ. ಅದರಲ್ಲೇ ಪದೇ ಪದೇ ಕರಿಯೋದು ಬೇಡ ಅಷ್ಟೆ. ಇನ್ನೊಂದು ವಿಷಯ: ರುಚಿಯೂ ಇಲ್ಲ, ವಾಸನೆಯೂ ಇಲ್ಲದ್ದರಿಂದ ಎಷ್ಟು ಸುರಿದೆವು ಅಂತ ನಾಲಿಗೆಗೆ ಗೊತ್ತೇ ಆಗಲ್ಲ. ನಾಲ್ಕರಲ್ಲಿ ಬೇಗ ಖಾಲಿಯಾಗಿದ್ದು ಇದೇ.

ಕುಸುಬೆ ಇದೇ ದಾರಿಯಲ್ಲಿ ಇನ್ನೂ ಮುಂದೆ. ನಾಟಿ ಕುಸುಬೆ ಎಣ್ಣೆಯಲ್ಲಿ ಲಿನೋಲೀಕ್ ಶೇಕಡ 75ರ ಹತ್ತಿರ. ಚಿತ್ರಕಾರರು ಬಣ್ಣ ಕಲಸೋಕೆ ಅಗಸೆ ಎಣ್ಣೆಯಂತೆ ಇದನ್ನೂ ಬಳಸುತ್ತಾರೆ, ಯಾಕೆಂದರೆ ಗಾಳಿಗೆ ಒಣಗಿ ಗಟ್ಟಿ ಪೊರೆಯಾಗುತ್ತದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮೇಲೆ ಹಸಿ ಎಣ್ಣೆ ಹಾಕಿಕೊಂಡು ತಿನ್ನಿ, ಅದರ ಸುಖ ಬೇರೆ. ನಾದಿನಿ ಕಳಿಸಿದ್ದನ್ನು ನಾನು ಕಾಯಿಸದೆ ಹೀಗೇ ಮುಗಿಸಿದ್ದೇ ಜಾಸ್ತಿ.

ಕುಸುಬೆ ಎಣ್ಣೆಗೆ ಸಂಶೋಧನೆಯಲ್ಲಿ ಒಂದು ಕಪ್ಪು ಅಧ್ಯಾಯವಿದೆ. 1966ರಿಂದ 1973ರವರೆಗೆ ಸಿಡ್ನಿಯಲ್ಲಿ ಹೃದಯಾಘಾತವಾಗಿದ್ದ 458 ಗಂಡಸರ ಮೇಲೆ ಪ್ರಯೋಗ ನಡೆಯಿತು. ಒಂದು ಗುಂಪಿಗೆ ಸ್ಯಾಚುರೇಟೆಡ್ ಕೊಬ್ಬಿನ ಬದಲು ಕುಸುಬೆ ಎಣ್ಣೆ ಮತ್ತು ಅದರಿಂದ ಬೆಣ್ಣೆಯಂತೆ ಮಾಡಿದ ಮಾರ್ಗರೀನ್. ಕೊಲೆಸ್ಟರಾಲ್ ಇಳಿಯಿತು, ಸಾವು ಮಾತ್ರ ಆ ಗುಂಪಿನಲ್ಲೇ ಹೆಚ್ಚು. ಹಳೆಯ ದಾಖಲೆಗಳನ್ನು ಮತ್ತೆ ತೆಗೆದು 2013ರಲ್ಲಿ ಪೂರ್ತಿ ಲೆಕ್ಕ ಪ್ರಕಟಿಸಿದರು. ಅಮೆರಿಕದ ಮಿನ್ನೆಸೋಟದಲ್ಲಿ ಮೆಕ್ಕೆಜೋಳದ ಎಣ್ಣೆಯ ಮೇಲೆ ನಡೆದ ಪ್ರಯೋಗದ ಕಥೆಯೂ 2016ರಲ್ಲಿ ಹೀಗೇ ಹೊರಬಂತು: ಕೊಲೆಸ್ಟರಾಲ್ ಇಳಿದರೂ ಆಯಸ್ಸು ಹೆಚ್ಚಲಿಲ್ಲ. ಆ ಕಾಲದ ಮಾರ್ಗರೀನ್‌ನಲ್ಲಿ ಹೃದಯಕ್ಕೆ ಕೆಟ್ಟದಾದ ಟ್ರಾನ್ಸ್ ಕೊಬ್ಬು ಇದ್ದಿರಬಹುದು ಅನ್ನೋದು ಇನ್ನೊಂದು ಕಡೆಯವರ ವಾದ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಇವೆರಡನ್ನೂ ಬದಿಗಿಟ್ಟು, ತನಗೆ ಗಟ್ಟಿ ಅನ್ನಿಸಿದ ನಾಲ್ಕು ಪ್ರಯೋಗ ಹಿಡಿದು, ಸ್ಯಾಚುರೇಟೆಡ್ ಬದಲು ಇಂಥ ಎಣ್ಣೆ ತಿಂದರೆ ಹೃದ್ರೋಗ ಸುಮಾರು ಶೇಕಡ 30 ತಗ್ಗುತ್ತದೆ ಅಂದಿತು. ನನ್ನ ಓದಿಗೆ ಅವರ ಮಾತಿನ ತೂಕ ಹೆಚ್ಚು. ಹಾಗಂತ 75 ಭಾಗ ಲಿನೋಲೀಕ್ ಇರೋ ಒಂದೇ ಎಣ್ಣೆಯಲ್ಲಿ ಮೂರು ಹೊತ್ತು ಅಡುಗೆ ಮಾಡೋ ಧೈರ್ಯ ನನಗಿಲ್ಲ.

ಇನ್ನು ಶೇಂಗಾ. ಒಲೀಕ್ ಶೇಕಡ 45-50, ಲಿನೋಲೀಕ್ 30ರಷ್ಟು, ಸ್ಯಾಚುರೇಟೆಡ್ 18ರ ಆಸುಪಾಸು. ಯಾವುದರಲ್ಲೂ ಮೊದಲ ಸ್ಥಾನವಿಲ್ಲ. ಆದರೆ ಬಾಣಲೆಗೂ ರಕ್ತಕ್ಕೂ ಇಬ್ಬರಿಗೂ ಸಹಿಸಬಹುದಾದ ಜಾಗದಲ್ಲಿ ನಿಂತಿದೆ. ಗಾಣದ ಎಣ್ಣೆಯ ಘಮ ಹೇಗಿದೆಯೆಂದರೆ ಒಂದು ಚಮಚದ ಒಗ್ಗರಣೆ ಎರಡು ಚಮಚದ ಕೆಲಸ ಮಾಡುತ್ತದೆ. ಹಸಿಮೆಣಸಿನಕಾಯಿ ಸೀಳಿ ಹಾಕಿ, ಈರುಳ್ಳಿ ಬಾಡಿಸಿ, ಮಂಡಕ್ಕಿ ಕಲಸಿದರೆ ಪಕ್ಕದ ಮನೆಯವರೂ ಏನು ತಿಂಡಿ ಅಂತ ಕೇಳುತ್ತಾರೆ.

ಆದರೆ ಅತ್ತೆ ಹೇಳಿದ ಗಾಣದ ಮಹಿಮೆಗೆ ಒಂದು ಮಿತಿಯಿದೆ. ಗಾಣದಲ್ಲಿ ಹಿಂಡಿದರೂ ರಿಫೈನ್ ಮಾಡಿದರೂ ಕೊಬ್ಬಿನ ಆಮ್ಲಗಳ ಪ್ರಮಾಣ ಹೆಚ್ಚುಕಮ್ಮಿ ಅದೇ. ಬದಲಾಗೋದು ಘಮ, ಬಣ್ಣ, ಒಂದಷ್ಟು ವಿಟಮಿನ್ ಇ. ಗಾಣದ್ದು ಬೇಗ ಹೊಗೆಯೇಳುತ್ತದೆ, ಕರಿಯೋಕೆ ಅಷ್ಟು ಲಾಯಕ್ಕಲ್ಲ. ಇನ್ನೊಂದು, ಬೂಸಲು ಹಿಡಿದ ಶೇಂಗಾ ಕಾಯಿಯಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು. ರಿಫೈನ್ ಮಾಡುವಾಗ ಬಹುತೇಕ ಹೋಗುತ್ತದೆ, ಗಾಣದಲ್ಲಿ ಹೋಗುವುದಿಲ್ಲ. ಹಾಗಾಗಿ ಗಾಣದವರ ಅಂಗಡಿಗೆ ಹೋದರೆ ನಾನು ಎಣ್ಣೆಗಿಂತ ಮೊದಲು ಮೂಟೆ ನೋಡುತ್ತೇನೆ. ಬೀಜ ಬಿಡಿಸಿ, ಮುಗ್ಗಲು ವಾಸನೆ ಇದೆಯಾ, ಕಪ್ಪಾಗಿದೆಯಾ ಅಂತ. ನನ್ನ ಆಯ್ಕೆಗೆ ವಿರುದ್ಧವಾದ ಒಂದು ಸಾಕ್ಷಿಯನ್ನೂ ಹೇಳಿಬಿಡುತ್ತೇನೆ: ಕೊಲೆಸ್ಟರಾಲ್ ಜೊತೆ ಶೇಂಗಾ ಎಣ್ಣೆ ತಿನ್ನಿಸಿದ ಮೊಲಗಳ ರಕ್ತನಾಳಗಳಲ್ಲಿ ಅಂದುಕೊಂಡಿದ್ದಕ್ಕಿಂತ ಹೆಚ್ಚು ಕೊಬ್ಬು ಕಟ್ಟಿತ್ತು. ಮೊಲ ಹುಟ್ಟಾ ಸೊಪ್ಪು ತಿನ್ನೋ ಪ್ರಾಣಿ, ಅದಕ್ಕೆ ಕೊಲೆಸ್ಟರಾಲ್ ಉಣಿಸಿ ಪಡೆದ ಉತ್ತರಕ್ಕೆ ನಾನು ಅಷ್ಟಾಗಿ ಹೆದರಿಲ್ಲ.

ತುಪ್ಪವನ್ನು ಸ್ಪರ್ಧೆಗೆ ಇಳಿಸಿಲ್ಲ. ಅನ್ನಕ್ಕೆ ಒಂದು ಚಮಚ ಇರಲಿ. ಪಾಮೋಲಿನ್ ನಾವು ತರೋದಿಲ್ಲ, ಆದರೆ ಬೇಕರಿ ಬಿಸ್ಕತ್ತಿನ ಪ್ಯಾಕೆಟ್ ಹಿಂದೆ ಓದಿ ನೋಡಿದರೆ ಗೊತ್ತಾಗುತ್ತದೆ, ತರದೇ ಇದ್ದರೂ ತಿಂತಾ ಇದ್ದೀವಿ.

ಲಿಪಿಡ್ ಪ್ರೊಫೈಲ್ ಏನಂದಿತು? ತೆಂಗಿನೆಣ್ಣೆ ಮುಗಿದಾಗ ನನ್ನ ಎಲ್‌ಡಿಎಲ್ ಎಲ್ಲಕ್ಕಿಂತ ಮೇಲಿತ್ತು, ಎಚ್‌ಡಿಎಲ್ ಕೂಡ ಕೊಂಚ ಮೇಲೆ. ಉಳಿದ ಮೂರರ ನಡುವೆ ಇದ್ದ ಫರಕನ್ನು ನಾನು ನಂಬಲ್ಲ. ಏನೂ ಬದಲಾಯಿಸದೇ ಇದ್ದರೂ ಒಬ್ಬರದ್ದೇ ಎಲ್‌ಡಿಎಲ್ ಒಂದು ಪರೀಕ್ಷೆಯಿಂದ ಇನ್ನೊಂದಕ್ಕೆ ಶೇಕಡ 8-10 ಅತ್ತಿತ್ತ ಆಗೋದು ಮಾಮೂಲು. ನನಗೆ ಹೆಚ್ಚು ಉಪಯೋಗಕ್ಕೆ ಬಂದಿದ್ದು ಡಬ್ಬದ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ 2000 ಕ್ಯಾಲರಿಯ ತಟ್ಟೆಗೆ ಹಾಕಿರೋ ಎಣ್ಣೆ-ತುಪ್ಪ ಒಟ್ಟು 27 ಗ್ರಾಂ. ಅಂದರೆ ದೊಡ್ಡ ಚಮಚದಲ್ಲಿ ಎರಡು, ದಿನಪೂರ್ತಿಗೆ. ಸೂರ್ಯಕಾಂತಿ ಇದ್ದಾಗ ನಾವು ಇದನ್ನು ದಾಟುತ್ತಿದ್ದೆವು, ಶೇಂಗಾ ಬಂದ ಮೇಲೆ ಒಳಗೇ ಇದ್ದೇವೆ.

ಮೀನು, ಅಗಸೆಯಲ್ಲಿ ಸಿಗೋ ಒಮೇಗಾ-3 ಕೊಬ್ಬು ಮಾತ್ರ ಈ ನಾಲ್ಕರಲ್ಲಿ ಯಾವುದರಲ್ಲೂ ಇಲ್ಲ ಅನ್ನಬಹುದು. ಎಣ್ಣೆ ಎಷ್ಟು ಬದಲಾಯಿಸಿದರೂ ಆ ಜಾಗ ಖಾಲಿ. ಮನೆಯಲ್ಲಿ ಮೀನು ತಿನ್ನೋಳು ನಾನೊಬ್ಬಳೇ, ಬಂಗುಡೆ, ಬೂತಾಯಿ ಸಿಕ್ಕಿದ ವಾರ ನನ್ನ ಪಾಲು ಸಿಗುತ್ತದೆ. ಉಳಿದವರಿಗೆ ಅಗಸೆ ಚಟ್ನಿಪುಡಿ. ಅಗಸೆಯ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಒಮೇಗಾ-3 ಇದೆ, ಆದರೆ ಮೀನಿನಲ್ಲಿರೋ ಬಗೆಯದ್ದಲ್ಲ. ನಮ್ಮ ಮೈಯಲ್ಲಿ ಅದನ್ನು ಆ ರೂಪಕ್ಕೆ ತಿರುಗಿಸೋ ಕಿಣ್ವಕ್ಕೆ ಲಿನೋಲೀಕ್ ಆಮ್ಲವೂ ಪೈಪೋಟಿಗೆ ನಿಲ್ಲುತ್ತದೆ, ತಿರುಗೋದು ಸ್ವಲ್ಪವೇ. ಸೂರ್ಯಕಾಂತಿ, ಕುಸುಬೆಗಳನ್ನು ದಿನದ ಎಣ್ಣೆ ಮಾಡಿಕೊಳ್ಳದಿರೋಕೆ ನನಗಿದು ಇನ್ನೊಂದು ಕಾರಣ.

ಈಗ ಒಲೆ ಪಕ್ಕ ಇರೋದು ಗಾಣದ ಶೇಂಗಾ ಎಣ್ಣೆ, ಒಂದೊಂದೇ ಲೀಟರ್ ತರೋದು. ಕಾಯಿ ಹಾಕಿದ ಪಲ್ಯಕ್ಕೆ, ಮೀನಿಗೆ ತೆಂಗಿನೆಣ್ಣೆಯ ಸಣ್ಣ ಬಾಟಲಿ. ಕುಸುಬೆ ಊಟದ ಟೇಬಲ್ ಮೇಲೆ, ಕಾಯಿಸೋ ಹಾಗಿಲ್ಲ. ಹಬ್ಬಕ್ಕೆ ಕರಿಯೋಕೆ ಮಾತ್ರ ರಿಫೈನ್ಡ್ ಶೇಂಗಾ ಅರ್ಧ ಲೀಟರ್ ತರುತ್ತೇನೆ. ಕರಿದು ಉಳಿದಿದ್ದನ್ನು ಸೋಸಿ ಎರಡು ದಿನದೊಳಗೆ ಚಪಾತಿಗೆ ಖಾಲಿ ಮಾಡುತ್ತೇನೆ, ಇನ್ನೊಮ್ಮೆ ಕರಿಯೋಕೆ ಇಡಲ್ಲ.