ತಾಡಪಾಲು, ಪಾಲಿಥಿನ್, ಪ್ಯಾರಾಚೂಟ್ ಬಟ್ಟೆ: ದುರ್ಗದ ಗಾಳಿಗೆ ಯಾವ ಸೂರು ನಿಂತಿತು?

ಚಿತ್ರದುರ್ಗದಲ್ಲಿ ಬಯಲಲ್ಲಿ ಮಲಗಬೇಕು ಅಂದರೆ ಮಳೆಗಿಂತ ಮೊದಲು ಗಾಳಿಯ ಯೋಚನೆ ಮಾಡಬೇಕು. ಊರ ಸುತ್ತಲ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಂತಿಲ್ಲ. ಆಷಾಢದಲ್ಲಿ ಪಡುವಣ ಗಾಳಿ ಶುರುವಾದರೆ ರಾತ್ರಿಯೂ ಬಿಡುವಿಲ್ಲ. ಮಳೆ ಜಾಸ್ತಿ ಬೀಳೋದು ಆಮೇಲೆ, ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅದಕ್ಕೇ ನಾನು ಜುಲೈನಲ್ಲಿ ಒಂದು ಸಲ, ಅಕ್ಟೋಬರಿನಲ್ಲಿ ಇನ್ನೊಂದು ಸಲ, ಮೂರು ಥರದ ಹೊದಿಕೆ ಕಟ್ಟಿ ಅದರ ಕೆಳಗೆ ಮಲಗಿ ನೋಡಿದೆ. ಜಾಗ ಹೊಳಲ್ಕೆರೆ ಕಡೆ ನಮ್ಮ ಭಾವನ ಹೊಲ, ಬದುವಿನ ಮೇಲೆ ಎರಡು ಬೇವಿನ ಮರ. ಜೋಗಿಮಟ್ಟಿ ವನ್ಯಧಾಮ, ಕೋಟೆ ಸಂರಕ್ಷಿತ ಸ್ಮಾರಕ. ಅನುಮತಿ ಇಲ್ಲದೆ ಅಲ್ಲಿ ರಾತ್ರಿ ತಂಗುವ ಯೋಚನೆ ಬೇಡ. ಪರಿಚಯದವರ ಹೊಲವೇ ವಾಸಿ.

ಈಗ ನನ್ನ ಚೀಲದಲ್ಲಿ ಉಳಿದಿರೋದು ಪ್ಯಾರಾಚೂಟ್ ಬಟ್ಟೆಯ ಸೂರು. ಆದರೆ ಹೊಸಬರು ಮೊದಲು ತಗೋಬೇಕಾದ್ದು ನೀಲಿ ತಾಡಪಾಲು ಅಂತಲೇ ಹೇಳುತ್ತೇನೆ.

ನಾನು ತಂದದ್ದು 12 ಅಡಿಗೆ 9 ಅಡಿ, ಚದರ ಮೀಟರಿಗೆ 120 ಗ್ರಾಂ ತೂಗುವಂಥದ್ದು, ಅಂದರೆ 120 ಜಿಎಸ್‌ಎಂ. ತೂಗಿದರೆ ಒಂದೂಕಾಲು ಕಿಲೋ. ಮನೆಯಲ್ಲಿದ್ದ ಹಳೇ ಫ್ಲೆಕ್ಸ್ ಬ್ಯಾನರನ್ನೂ ತೂಗಿ ನೋಡಿದೆ. ಅದೇ ಅಳತೆಗೆ ಮೂರು ಕಿಲೋ. ಅದನ್ನು ಅಲ್ಲಿಗೇ ಬಿಟ್ಟೆ. ತಾಡಪಾಲಿನ ದೊಡ್ಡ ಗುಣ ಅಂದರೆ ಅದಕ್ಕೆ ಹೆದರಬೇಕಾಗಿಲ್ಲ. ಕಲ್ಲಿನ ಮೇಲೆ ಎಳೆಯಬಹುದು, ಕೆಸರಲ್ಲಿ ಹಾಸಬಹುದು, ಹತ್ತು ಸಲ ಹತ್ತು ಥರ ಕಟ್ಟಿ ಕಲಿಯಬಹುದು. ಎಷ್ಟು ಎತ್ತರಕ್ಕೆ ಹಗ್ಗ ಕಟ್ಟಬೇಕು, ಕಾಲಿನ ಕಡೆ ಎಷ್ಟು ಹೊದಿಕೆ ಬೇಕು ಅನ್ನೋದು ನನಗೆ ಗೊತ್ತಾಗಿದ್ದು ಇದರಿಂದಲೇ.

ಜುಲೈ ರಾತ್ರಿ ಎರಡು ಮರದ ನಡುವೆ ನಾಲ್ಕು ಅಡಿ ಎತ್ತರಕ್ಕೆ ಹಗ್ಗ ಕಟ್ಟಿ, ತಾಡಪಾಲನ್ನು ಗುಡಿಸಲ ಮಾಡಿನಂತೆ ಇಳಿಬಿಟ್ಟಿದ್ದೆ. ಹನ್ನೊಂದರವರೆಗೆ ಪಟಪಟ ಸದ್ದು ಬಿಟ್ಟರೆ ತೊಂದರೆ ಇರಲಿಲ್ಲ. ಆಮೇಲೆ ಒಂದು ಜೋರು ಗಾಳಿ ಬಂತು. ಮೂಲೆಯ ಅಲ್ಯೂಮಿನಿಯಂ ರಿಂಗ್ ಕಿತ್ತು ಹಗ್ಗದಲ್ಲೇ ಉಳಿಯಿತು, ತಾಡಪಾಲು ಹಾರಿ ನನ್ನ ಮುಖಕ್ಕೆ ಬಡಿಯಿತು. ಬ್ಯಾಟರಿ ಹಿಡಿದು ಓಡಿಬಂದ ಭಾವ ಹೇಳಿದ್ದು ಒಂದೇ ಮಾತು: "ರಿಂಗ್ ನಂಬಬ್ಯಾಡಪ್ಪ, ಕಲ್ಲು ಕಟ್ಟು."

ಅವರು ಕಟ್ಟಿದ ರೀತಿ ಹೀಗೆ. ಮೂಲೆಯಿಂದ ಒಂದು ಗೇಣು ಒಳಗೆ, ನಿಂಬೆಹಣ್ಣಿನಷ್ಟು ದುಂಡನೆಯ ಕಲ್ಲನ್ನು ಹೊದಿಕೆಯ ಅಡಿ ಬದಿಗೆ ಇಟ್ಟರು. ಕಲ್ಲಿನ ಸುತ್ತ ಹೊದಿಕೆಯನ್ನು ಮುದುರಿ ಹಿಡಿದರು. ಗಂಟುಮೂಟೆಯ ಹಾಗೆ ಒಂದು ಕೊರಳು ಬಂತಲ್ಲ, ಅದಕ್ಕೆ ಸರಗುಣಿಕೆ ಹಾಕಿ ಜಗ್ಗಿದರು. ಎಳೆದಷ್ಟೂ ಬಿಗಿ. ತೂತೇ ಇಲ್ಲದ ಮೇಲೆ ಹರಿಯೋದು ಎಲ್ಲಿಂದ? ಮೆಕ್ಕೆಜೋಳದ ರಾಶಿ ಮುಚ್ಚುವಾಗ ಅವರು ಹೀಗೇ ಕಟ್ಟುತ್ತಾರಂತೆ. ಕಲ್ಲು ಚೂಪಾಗಿರಬಾರದು, ಅಷ್ಟೇ. ಇನ್ನೊಂದು ಪಾಠವೂ ಅವತ್ತೇ ಆಯಿತು. ಗಾಳಿ ಬರುವ ಪಡುವಣ ಬದಿಯನ್ನು ನೆಲಕ್ಕೇ ತಾಗಿಸಬೇಕು. ಆ ಬದಿಯಲ್ಲಿ ಒಂದು ಗೇಣು ಸಂದು ಬಿಟ್ಟರೂ ಗಾಳಿ ಒಳನುಗ್ಗಿ ಸೂರನ್ನೇ ಎತ್ತುತ್ತದೆ.

ಎರಡನೆಯದು ಪಾಲಿಥಿನ್ ಹಾಳೆ. 200 ಗೇಜ್, ಅಂದರೆ 50 ಮೈಕ್ರಾನ್. ತಾಡಪಾಲಿನಷ್ಟೇ ಅಗಲ, ಆದರೆ ಅರ್ಧ ಕಿಲೋಗೂ ಕಡಿಮೆ ತೂಕ. ಮೂರರಲ್ಲಿ ಅಗ್ಗದ್ದೂ ಇದೇ. ಮಲಗಿದಲ್ಲಿಂದಲೇ ಆಕಾಶ ಕಾಣುತ್ತದೆ, ಅದು ನನಗೆ ತುಂಬಾ ಇಷ್ಟವಾಯಿತು. ಆದರೆ ನಮ್ಮ ಕಡೆ ಜಾಲಿ ಮುಳ್ಳಿಲ್ಲದ ಬದು ಎಲ್ಲಿದೆ? ಬಿಚ್ಚಿ ಹಾಸುವಾಗಲೇ ಒಂದು ಮುಳ್ಳು ಚುಚ್ಚಿತು. ಸಾಸಿವೆಯಷ್ಟು ತೂತು. ಗಾಳಿಗೆ ಎಳೆತ ಬಿದ್ದಾಗ ಅಲ್ಲಿಂದ ಮೊಳದುದ್ದ ಸೀಳಿತು. ಒಣಗಿದ್ದಾಗ ಟೇಪ್ ಚೆನ್ನಾಗಿ ಹಿಡಿಯುತ್ತದೆ, ಮಳೆಯಲ್ಲಿ ಹಿಡಿಯಲ್ಲ. ಗಾಳಿಯಿಲ್ಲದ ಒಂದು ರಾತ್ರಿಗೆ ಸಾಕು. ಅದಕ್ಕಿಂತ ಜಾಸ್ತಿ ನಂಬಲಾರೆ.

ಇನ್ನು ಪ್ಯಾರಾಚೂಟ್ ಬಟ್ಟೆ. ಕೊಡೆ, ರೈನ್‌ಕೋಟಿಗೆ ಬಳಸುವಂಥ ತೆಳು ಬಟ್ಟೆ. ದಾವಣಗೆರೆಯ ಚೌಕಿಪೇಟೆಗೆ ಹೋದಾಗ ತಂದೆ. ಅಂಗಡಿಯಲ್ಲಿ ನೈಲಾನಿಗೂ ಪಾಲಿಯೆಸ್ಟರಿಗೂ ಇದೇ ಹೆಸರು. ಕೇಳಿ ಪಾಲಿಯೆಸ್ಟರೇ ತಗೊಳ್ಳಿ. ನೈಲಾನ್ ನೆನೆದರೆ ಹಿಗ್ಗುತ್ತದೆ, ಸಂಜೆ ಬಿಗಿಯಾಗಿ ಕಟ್ಟಿದ್ದು ನಡುರಾತ್ರಿ ಜೋಲುತ್ತದೆ. ನೀರು ತಡೆಯುವ ಲೇಪ, ಅಂದರೆ ಕೋಟಿಂಗ್, ಇದೆಯೋ ಇಲ್ಲವೋ ನೋಡೋಕೆ ಬಟ್ಟೆಯನ್ನು ಬಾಯಿಗೆ ಒತ್ತಿ ಊದಿ. ಉಸಿರು ಆಚೆ ದಾಟಿದರೆ ನೀರೂ ದಾಟುತ್ತದೆ.

ಬಟ್ಟೆಯ ಅಗಲ 58 ಇಂಚು. ಹತ್ತು ಅಡಿ ಉದ್ದದ ಎರಡು ತುಂಡು ತಂದು ಅಗಲಕ್ಕೆ ಜೋಡಿಸಿದರೆ, ಹೊಲಿಗೆ, ಮಡಿಕೆ ಎಲ್ಲ ಕಳೆದು ಸುಮಾರು ಒಂಬತ್ತೂಕಾಲು ಅಡಿ ಸಿಗುತ್ತದೆ. ಒಬ್ಬರಿಗೆ ಧಾರಾಳ, ಇಬ್ಬರಿಗೆ ಸಾಕು. ಹೊಲಿದುಕೊಟ್ಟದ್ದು ನಮ್ಮ ಬೀದಿಯ ಟೈಲರ್ ಅಕ್ಕ. ಬಟ್ಟೆ ಮುಟ್ಟಿ ನೋಡಿದವರೇ, "ತಮ್ಮಾ, ಇದಕ್ಕೆ ಸೂಜಿ ಬಿದ್ದ ಕಡೆ ತೂತು ಹಂಗೇ ಉಳೀತದೆ. ಬಿಚ್ಚಿ ಹೊಲಿಯೋ ಹಂಗಿಲ್ಲ. ಅಳತೆ ಸರಿಯಾಗಿ ಹೇಳು" ಅಂದರು. ತಾಡಪಾಲಿನಲ್ಲಿ ಕಲಿತ ಅಳತೆ ಆಗ ಕೈಹಿಡಿಯಿತು. ಗುಂಡುಪಿನ್ನು ಚುಚ್ಚದೆ ಕ್ಲಿಪ್ ಹಾಕಿ ಹಿಡಿದೆವು. ಎರಡೂ ಅಂಚನ್ನು ಒಂದರೊಳಗೊಂದು ಮಡಚಿ, ಪಾಲಿಯೆಸ್ಟರ್ ದಾರದಲ್ಲಿ ಎರಡು ಸಾಲು ಹೊಲಿಗೆ ಹಾಕಿದರು. ಕತ್ತರಿಸಿದ ಅಂಚಿನಲ್ಲಿ ಎಳೆ ಬಿಡದಂತೆ ನಾನು ಮೊದಲೇ ಊದುಬತ್ತಿಯ ಕೆಂಡ ಸವರಿದ್ದೆ. ಎಲ್ಲ ಮುಗಿದ ಮೇಲೆ ತೂಕ 600 ಗ್ರಾಂ. ಮಡಚಿದರೆ ಒಂದು ಲೀಟರ್ ನೀರಿನ ಬಾಟಲಿಗಿಂತ ಸ್ವಲ್ಪ ದೊಡ್ಡದು. ಖರ್ಚು ಮಾತ್ರ ತಾಡಪಾಲಿನ ಎರಡರಷ್ಟಾಯಿತು.

ಗಾಳಿಯಲ್ಲಿ ಇದು ಅಷ್ಟು ಸದ್ದು ಮಾಡಲ್ಲ. ಬಟ್ಟೆ ಮೆತ್ತಗಿರೋದರಿಂದ ಕಲ್ಲು ಕಟ್ಟಿ ಎಳೆದರೆ ಹಪ್ಪಳದ ಹಾಗೆ ಬಿಗಿಯಾಗಿ ನಿಲ್ಲುತ್ತದೆ. ತೊಂದರೆ ಕೊಟ್ಟದ್ದು ಅಕ್ಟೋಬರಿನ ಮಳೆ. ಬಟ್ಟೆ ಸೋರಲಿಲ್ಲ, ನಡುಹೊಲಿಗೆ ಸೋರಿತು. ಒಂದೊಂದೇ ಹನಿ ಹೊಲಿಗೆ ಹಿಡಿದು ಜಾರಿ, ಸರಿಯಾಗಿ ನನ್ನ ತಲೆದಿಂಬಿನ ಮೇಲೆ. ಮಾರನೇ ದಿನ ಪಾರದರ್ಶಕ ಸಿಲಿಕಾನ್ ಸೀಲಂಟನ್ನು ಪೇಂಟ್ ಅಂಗಡಿಯ ಟರ್ಪೆಂಟೈನಿನಲ್ಲಿ ಮಜ್ಜಿಗೆಯಷ್ಟು ತೆಳುವಾಗಿ ಕಲಸಿ, ಬ್ರಷ್ಷಿನಿಂದ ಹೊಲಿಗೆಗೆ ಹಚ್ಚಿದೆ. ಒಳಗಡೆ, ಕೋಟಿಂಗ್ ಬದಿಗೆ ಹಚ್ಚಿದ್ದು ಎರಡೇ ದಿನಕ್ಕೆ ಸಿಪ್ಪೆಯಂತೆ ಎದ್ದು ಬಂತು. ಹೊರಬದಿಗೆ ಹಚ್ಚಿದ್ದು ದಾರದೊಳಗೆ ಇಳಿದು ಕೂತಿತು. ಬಯಲಲ್ಲೇ ಹಚ್ಚಿ, ವಾಸನೆ ಜೋರಿರುತ್ತದೆ. ಒಂದು ದಿನ ಪೂರ್ತಿ ಒಣಗಲು ಬಿಡಿ. ವಾರದ ನಂತರ ಮತ್ತೆ ಅಂಥದ್ದೇ ಮಳೆ ಬಂತು. ಬೆಳಗ್ಗೆ ಎದ್ದು ಹೊಲಿಗೆಯುದ್ದಕ್ಕೂ ಬೆರಳಾಡಿಸಿದೆ. ಒಣಗಿತ್ತು.

ಮುಂದಿನದಕ್ಕೆ ಬಟ್ಟೆ ತಂದಿಟ್ಟಿದ್ದೇನೆ. ಈ ಸಲ ನಡುಹೊಲಿಗೆಯನ್ನು ನೇರ ಹಾಕಿಸದೆ, ಮಧ್ಯದಲ್ಲಿ ನಾಲ್ಕು ಬೆರಳು ತಗ್ಗಿಸಿ ಬಿಲ್ಲಿನ ಹಾಗೆ ಕತ್ತರಿಸಬೇಕು. ಹಾಗೆ ಮಾಡಿದರೆ ಎಳೆತ ಎಲ್ಲ ಕಡೆ ಹಂಚಿಹೋಗಿ, ಈಗ ನಡುವೆ ಬೀಳುವ ಸುಕ್ಕು ಕಡಿಮೆಯಾಗುತ್ತದೆ. ನೀಲಿ ತಾಡಪಾಲು ಈಗ ಭಾವನ ಮೆಕ್ಕೆಜೋಳದ ರಾಶಿಯ ಮೇಲಿದೆ. ನಾಲ್ಕೂ ಮೂಲೆಗೆ ಕಲ್ಲು ಕಟ್ಟಿದ್ದಾರೆ.